ಜೋತುಬಿದ್ದ ಹೊಟ್ಟೆಯ ಚರ್ಮ: ಯಾವ ಆಪರೇಷನ್ ಅಂತ ನಾನು ಹೇಗೆ ತೀರ್ಮಾನಿಸಿದೆ

ತೂಕ ಇಳಿಸಿದರೆ ಕೊಬ್ಬು ಹೋಗುತ್ತದೆ. ಚರ್ಮ ಹೋಗುವುದಿಲ್ಲ. ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಎರಡು ಸಿಜೇರಿಯನ್ ಆದಮೇಲೆ ನನ್ನ ತೂಕ 92 ಕೆಜಿ ಮುಟ್ಟಿತ್ತು. ಶುಗರ್ ಗಡಿಗೆ ಬಂದು ನಿಂತಿದೆ ಅಂತ ರಿಪೋರ್ಟ್ ಬಂದಮೇಲೆ ಹೆದರಿಕೆ ಆಯಿತು. ಊಟ ಬದಲಿಸಿದೆ. ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ನಡೆಯಲು ಶುರು ಮಾಡಿದೆ. ನಿಧಾನಕ್ಕೆ 66ಕ್ಕೆ ಇಳಿದೆ. ಶುಗರ್ ಸರಿಹೋಯಿತು, ಮೊಣಕಾಲು ನೋವು ಹೋಯಿತು. ಹೊಟ್ಟೆ ಮಾತ್ರ ಖಾಲಿಯಾಗಿ ತೊಡೆಯ ಮೇಲೆ ಜೋತುಬಿತ್ತು.

ಇದು ಬರೀ ಚಂದ ಕಾಣುವ ವಿಷಯ ಅಂತ ಅಂದುಕೊಳ್ಳುವವರಿಗೆ ಒಂದು ಮಾತು ಹೇಳಬೇಕು. ಧಾರವಾಡದ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ. ಮಡಿಕೆಯ ಒಳಗಿನ ಚರ್ಮ ಇನ್ನೆಲ್ಲಿ ಒಣಗಬೇಕು? ಕೆಳಹೊಟ್ಟೆಯ ಮಡಿಕೆಯಲ್ಲಿ ಬೆವರು ನಿಂತು ಕೆಂಪಾಗಿ, ಉರಿ ಎದ್ದು, ವಾಸನೆ ಬರುತ್ತಿತ್ತು. ಚರ್ಮದ ಡಾಕ್ಟರು ಇದಕ್ಕೆ ಇಂಟರ್‌ಟ್ರೈಗೊ ಅಂತ ಹೆಸರು ಹೇಳಿ, ಫಂಗಸ್ಸಿಗೆ ಮುಲಾಮು ಕೊಟ್ಟರು. ಹಚ್ಚಿದರೆ ಹೋಗುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ನಾನು ಹೈಸ್ಕೂಲ್ ಟೀಚರ್. ದಿನವಿಡೀ ಸೀರೆ, ದಿನವಿಡೀ ನಿಂತೇ ಇರಬೇಕು. ಲಂಗದ ಲಾಡಿ ಪಕ್ಕದ ಮಡಿಕೆಯಲ್ಲಿ ಕೂತು, ಸಂಜೆ ಹೊತ್ತಿಗೆ ಚರ್ಮ ಸುಲಿದಿರುತ್ತಿತ್ತು.

ಮನೆಯಲ್ಲಿ ಆಪರೇಷನ್ ಮಾತು ಎತ್ತಿದಾಗ ಅತ್ತೆ ಒಪ್ಪಲಿಲ್ಲ. "ಯವ್ವಾ, ಎರಡ ಮಕ್ಕಳನ್ನ ಹಡದ ಹೊಟ್ಟಿ ಹಿಂಗ ಇರ್ತೈತಿ. ಈಗಿನವರ ಫ್ಯಾಶನ್ನಿಗೆ ಬಿದ್ದು ಮೈಗೆ ಚಾಕು ಹಚ್ಚಿಸ್ಕೊಬ್ಯಾಡ" ಅಂದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಆದರೆ ಇದು ಈಗಿನ ಫ್ಯಾಶನ್ ಏನಲ್ಲ. 1899ರಲ್ಲೇ ಅಮೆರಿಕದ ಹೊವರ್ಡ್ ಕೆಲಿ ಎಂಬ ಸ್ತ್ರೀರೋಗ ತಜ್ಞರು ಜೋತುಬಿದ್ದ ಹೊಟ್ಟೆಯ ಚರ್ಮ, ಕೊಬ್ಬು ತೆಗೆದ ಆಪರೇಷನ್ ಬಗ್ಗೆ ಬರೆದಿದ್ದಾರೆ. ಇದನ್ನು ಹೇಳಿದ್ದಕ್ಕಿಂತ, ಒಂದು ಸಂಜೆ ಆ ಸುಲಿದ ಚರ್ಮವನ್ನೇ ಅತ್ತೆಗೆ ತೋರಿಸಿದ್ದು ಹೆಚ್ಚು ಕೆಲಸ ಮಾಡಿತು. ಆಮೇಲೆ ಅವರು ಬೇಡ ಅನ್ನಲಿಲ್ಲ.

ಮೊದಲು ಹುಬ್ಬಳ್ಳಿಯ ಒಂದು ಕ್ಲಿನಿಕ್ಕಿಗೆ ಹೋದೆವು. ಹೆಸರು ಬೇಡ. ಅಲ್ಲಿ ನನ್ನನ್ನು ಕೂತಲ್ಲೇ ನೋಡಿ, "ಲೈಪೊಸಕ್ಷನ್ ಸಾಕ್ರಿ, ಬೇಕಾದ್ರ ಮಿನಿ ಟಮ್ಮಿ ಟಕ್ ಮಾಡೋಣ, ಗೆರೆನೂ ಸಣ್ಣದಿರ್ತೈತಿ" ಅಂದರು. ಟಮ್ಮಿ ಟಕ್ ಅಂದರೆ ಹೊಟ್ಟೆಯ ಹೆಚ್ಚಿನ ಚರ್ಮ ತೆಗೆದು ಬಿಗಿಮಾಡುವ ಆಪರೇಷನ್, ಗೆರೆ ಅಂದರೆ ಕೊಯ್ದಲ್ಲಿ ಉಳಿಯುವ ಕಲೆ. ಹೊಟ್ಟೆ ಮುಟ್ಟಿ ಸಹ ನೋಡಲಿಲ್ಲ. ಮಾತೆಲ್ಲ ರೇಟು ಮತ್ತು ಕಂತಿನ ಬಗ್ಗೆಯೇ. ಗಂಡ ಹೊರಗೆ ಬಂದು, "ಬ್ಯಾರೆ ಕಡೆ ತೋರಿಸೋಣ" ಅಂದರು. ನನಗೂ ಹಾಗೇ ಅನಿಸಿತ್ತು.

ಆಮೇಲೆ ಹುಡುಕಿದ್ದು ಎಂ.ಸಿಎಚ್. ಪ್ಲಾಸ್ಟಿಕ್ ಸರ್ಜರಿ ಓದಿದವರನ್ನು. ಎಂಬಿಬಿಎಸ್ ಆದಮೇಲೆ ಜನರಲ್ ಸರ್ಜರಿ, ಅದರ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಆರ್‌ಎನ್‌ಬಿ (ಮೊದಲು ಇದಕ್ಕೇ ಡಿಎನ್‌ಬಿ ಅನ್ನುತ್ತಿದ್ದರು). ಬೋರ್ಡಿನ ಮೇಲೆ ಕಾಸ್ಮೆಟಿಕ್ ಅಂತ ಬರೆದ ಮಾತ್ರಕ್ಕೆ ಈ ಓದು ಇದೆ ಅಂತ ಅರ್ಥವಲ್ಲ. ಡಾಕ್ಟರ ಡಿಗ್ರಿ ಕೇಳುವುದಕ್ಕೆ ನಮ್ಮ ಕಡೆ ಜನ ಸಂಕೋಚ ಪಡುತ್ತಾರೆ. ಕೇಳಲೇಬೇಕು. ಒಳ್ಳೆಯ ಡಾಕ್ಟರು ಅದಕ್ಕೆ ಸಿಟ್ಟಾಗುವುದಿಲ್ಲ.

ಹಾಗೆ ಹುಡುಕಿ ಸಿಕ್ಕ ಡಾಕ್ಟರು ಮೊದಲು ಮಾಡಿದ ಕೆಲಸವೇ ಬೇರೆ. "ಮೇಡಂ, ಮೊದಲ ನಿಂದರ್ರಿ. ಆಮ್ಯಾಲೆ ಕೂಡ್ರಿ. ಈಗ ಸ್ವಲ್ಪ ಮುಂದ ಬಾಗ್ರಿ" ಅಂದರು. ನಿಂತಾಗ ಚರ್ಮ ಎಲ್ಲಿ ಇಳಿಯುತ್ತದೆ, ಕೂತಾಗ ಎಷ್ಟು ಮಡಿಕೆ ಬೀಳುತ್ತದೆ, ಬಾಗಿದಾಗ ಎಷ್ಟು ಜೋಲುತ್ತದೆ ಅಂತ ನೋಡಿದರು. ಹೊಕ್ಕುಳ ಕೆಳಗೆ, ಮೇಲೆ, ಪಕ್ಕದಲ್ಲಿ, ಬೆನ್ನ ಕಡೆ ಚರ್ಮ ಹಿಡಿದು ಎತ್ತಿ ನೋಡಿದರು. ಆಮೇಲೆ ಮಲಗಿಸಿ ಮೊಣಕಾಲು ಮಡಚಿಸಿ, ತಲೆ ಮಾತ್ರ ಎತ್ತಲು ಹೇಳಿದರು. ಆಗ ಹೊಟ್ಟೆಯ ನಟ್ಟನಡುವೆ ಒಂದು ದಿಂಡು ಎದ್ದಿತು. ಅಲ್ಲಿ ಅವರ ಬೆರಳುಗಳು ಒಳಗೆ ಇಳಿದವು. ಬಸುರಿನಲ್ಲಿ ಹೊಟ್ಟೆಯ ಎರಡು ಉದ್ದ ಸ್ನಾಯುಗಳು ದೂರ ಸರಿದು, ನಡುವಿನ ಪಟ್ಟಿ ಸಡಿಲಾಗಿ ಉಳಿದಿದೆ ಅಂದರು. ಇದಕ್ಕೆ ಡಯಾಸ್ಟಾಸಿಸ್ ರೆಕ್ಟೈ ಅಂತಾರೆ. ಎಷ್ಟು ನಡೆದರೂ ಹೊಟ್ಟೆ ಮುಂದೆ ಬಂದಂತೆ ಕಾಣುತ್ತಿದ್ದದ್ದು ಕೊಬ್ಬಿನಿಂದಲ್ಲ ಅಂತ ಅವತ್ತು ಗೊತ್ತಾಯಿತು.

ಆಪರೇಷನ್ ಯಾವುದು ಅನ್ನುವುದು ಮೂರು ಪ್ರಶ್ನೆಗಳ ಮೇಲೆ ನಿಂತಿದೆ ಅಂತ ಅವರು ವಿವರಿಸಿದರು. ಸಡಿಲು ಚರ್ಮ ಎಲ್ಲಿಂದ ಎಲ್ಲಿಯವರೆಗೆ ಇದೆ? ಸ್ನಾಯು ಸರಿದಿದೆಯೋ ಇಲ್ಲವೋ? ಹೊಕ್ಕುಳ ಮೇಲಿನ ಚರ್ಮವನ್ನೂ ಕೆಳಗೆ ಎಳೆಯಬೇಕೋ? ಗೆರೆ ಎಷ್ಟು ಉದ್ದ ಬರುತ್ತದೆ ಅನ್ನುವುದು ಈ ಮೂರಕ್ಕೆ ಉತ್ತರ ಸಿಕ್ಕಮೇಲಿನ ಮಾತು. ನಾವು ಮಾತ್ರ ಗೆರೆಯಿಂದಲೇ ಶುರು ಮಾಡುತ್ತೇವೆ ಅಲ್ವಾ? ಅದಕ್ಕೇ ಈ ಕಥೆ ಬರೆಯಬೇಕು ಅನಿಸಿದ್ದು.

ಲೈಪೊಸಕ್ಷನ್ ಮೊದಲೇ ಬಿಟ್ಟುಹೋಯಿತು. ಅದು ಕೊಳವೆಯಿಂದ ಕೊಬ್ಬನ್ನು ಮಾತ್ರ ಎಳೆಯುತ್ತದೆ. ಚರ್ಮಕ್ಕೆ ಇನ್ನೂ ಬಿಗಿ ಇದ್ದು, ಒಂದಿಷ್ಟು ಕೊಬ್ಬು ಮಾತ್ರ ಹಠ ಹಿಡಿದು ಕೂತವರಿಗೆ ಅದು ಸರಿ. ನನ್ನಂಥವರಿಗೆ ಕೊಬ್ಬು ತೆಗೆದರೆ ಚರ್ಮ ಇನ್ನಷ್ಟು ಜೋಲುತ್ತದೆ.

ಮಿನಿ ಟಮ್ಮಿ ಟಕ್ಕಿನಲ್ಲಿ ಸಿಜೇರಿಯನ್ ಗೆರೆಗಿಂತ ಸ್ವಲ್ಪ ಉದ್ದ ಕೊಯ್ದು, ಹೊಕ್ಕುಳ ಕೆಳಗಿನ ಚರ್ಮ ಮಾತ್ರ ತೆಗೆಯುತ್ತಾರೆ. ಹೊಕ್ಕುಳ ಮುಟ್ಟುವುದಿಲ್ಲ. ಸ್ನಾಯು ಹೊಲಿದರೂ ಹೆಚ್ಚಾಗಿ ಕೆಳಭಾಗದಲ್ಲಷ್ಟೇ. ತೆಳ್ಳಗಿದ್ದು, ಹೆರಿಗೆಯ ನಂತರ ಕೆಳಗೆ ಸ್ವಲ್ಪ ಚರ್ಮ ಉಳಿದವರಿಗೆ ಇದು ಒಳ್ಳೆಯ ಆಪರೇಷನ್. ನನ್ನ ಸ್ನಾಯು ಸರಿದದ್ದು ಹೊಕ್ಕುಳ ಮೇಲೆಯೂ ಇತ್ತು. ಮಿನಿ ಮಾಡಿಸಿದ್ದರೆ ಕೆಳಗೆ ಚಪ್ಪಟೆ, ಮೇಲೆ ಉಬ್ಬು ಆಗಿ ಉಳಿಯುತ್ತಿತ್ತು. ಗೆರೆ ಸಣ್ಣದು, ರಜೆ ಕಡಿಮೆ ಅಂತ ಇದನ್ನು ಎಲ್ಲರಿಗೂ ಹೇಳುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಫುಲ್ ಟಮ್ಮಿ ಟಕ್ ಅಂದರೆ ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕೆಳಗೆ ಅಡ್ಡ ಕೊಯ್ತ. ಅಲ್ಲಿಂದ ಚರ್ಮ, ಕೊಬ್ಬಿನ ಪದರವನ್ನು ಸ್ನಾಯುವಿನಿಂದ ಬಿಡಿಸುತ್ತಾ ಪಕ್ಕೆಲುಬಿನ ಕಡೆಗೆ ಹೋಗುತ್ತಾರೆ. ಸರಿದ ಸ್ನಾಯುಗಳನ್ನು ನಡುವೆ ಸೇರಿಸಿ ಹೊಲಿಯುತ್ತಾರೆ. ಆಮೇಲೆ ಚರ್ಮವನ್ನು ಕೆಳಗೆ ಎಳೆದು, ಹೆಚ್ಚಾದದ್ದನ್ನು ಕತ್ತರಿಸುತ್ತಾರೆ. ಹೊಕ್ಕುಳನ್ನೇ ಕಿತ್ತು ಬೇರೆ ಕಡೆ ಇಡುತ್ತಾರೆ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದ್ದರು. ಹಾಗಲ್ಲ. ಹೊಕ್ಕುಳು ಹೊಟ್ಟೆಗೆ ಅಂಟಿಕೊಂಡ ಬುಡ ಇದ್ದಲ್ಲೇ ಇರುತ್ತದೆ. ಸುತ್ತಲಿನ ಚರ್ಮದಿಂದ ಅದನ್ನು ಬಿಡಿಸಿ, ಮೇಲಿನ ಚರ್ಮ ಕೆಳಗೆ ಬಂದಮೇಲೆ ಹೊಸ ತೂತು ಮಾಡಿ ಅದೇ ಹೊಕ್ಕುಳನ್ನು ಹೊರಗೆ ತಂದು ಹೊಲಿಯುತ್ತಾರೆ. ಹೊಕ್ಕುಳ ಕೆಳಗಿನ ಚರ್ಮ ಬಹುಪಾಲು ಹೋಗುವುದರಿಂದ, ಅಲ್ಲಿದ್ದ ಬಸುರಿನ ಬಿಳಿ ಗೆರೆಗಳೂ ಹೋಗುತ್ತವೆ. ಬಿಕಿನಿ ಗೆರೆಯ ಸಿಜೇರಿಯನ್ ಕಲೆಯೂ ಸಾಮಾನ್ಯವಾಗಿ ಅದರ ಜೊತೆಗೇ ಹೋಗುತ್ತದೆ. ಮೇಲಿನ ಬಿಳಿ ಗೆರೆಗಳು ಮಾತ್ರ ಕೆಳಗೆ ಇಳಿದು ಉಳಿಯುತ್ತವೆ.

ಹಳೆಯ ಹೊಲಿಗೆಯ ಕಲೆಗಳ ಬಗ್ಗೆ ಅವರು ತುಂಬಾ ಕೇಳಿದರು. ಯಾಕೆ ಅಂದರೆ, ಬಿಡಿಸಿದ ಚರ್ಮ ಬದುಕುವುದು ಪಕ್ಕ ಮತ್ತು ಮೇಲಿನಿಂದ ಬರುವ ರಕ್ತದಿಂದ. ಹಳೆಯ ಕಾಲದ ಪಿತ್ತಕೋಶದ ಆಪರೇಷನ್ನಿನಂತೆ ಪಕ್ಕೆಲುಬಿನ ಕೆಳಗೆ ಅಡ್ಡ ಕಲೆ ಇದ್ದರೆ, ಆ ರಕ್ತದ ದಾರಿ ಮೊದಲೇ ಕಡಿದಿರುತ್ತದೆ. ಅಂಥವರಲ್ಲಿ ಚರ್ಮ ಕಪ್ಪಾಗಿ ಸಾಯುವ ಅಪಾಯ ಜಾಸ್ತಿ. ನನಗೆ ಅಂಥದ್ದು ಇರಲಿಲ್ಲ. ಇರುವವರು ಮುಚ್ಚಿಡದೆ ಹೇಳಬೇಕು.

ನನ್ನ ನಿಜವಾದ ಪ್ರಶ್ನೆ ಫುಲ್ ಅಥವಾ ಎಕ್ಸ್‌ಟೆಂಡೆಡ್ ಅನ್ನುವುದಾಗಿತ್ತು. ಎಕ್ಸ್‌ಟೆಂಡೆಡ್ ಅಂದರೆ ಅದೇ ಗೆರೆ ಸೊಂಟದ ಮೂಳೆ ದಾಟಿ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೂ ಹೋಗುತ್ತದೆ. ನನ್ನ ಮಡಿಕೆ ಪಕ್ಕದಲ್ಲೂ ಇತ್ತು. ಫುಲ್ ಮಾತ್ರ ಮಾಡಿದರೆ ಗೆರೆಯ ಎರಡೂ ತುದಿಯಲ್ಲಿ ಚರ್ಮ ಗಂಟಾಗಿ ನಿಲ್ಲಬಹುದು ಅಂದರು. ಬೇಕಾದರೆ ಮುಂದೆ ಅಲ್ಲಿಗಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅದನ್ನು ಸರಿಮಾಡಬಹುದು. ಆದರೆ ಪಕ್ಕದ ಮಡಿಕೆ ಉಳಿದೇ ಉಳಿಯುತ್ತದೆ. ಲಾಡಿ ಕೂರುವುದು ಅಲ್ಲೇ, ಚರ್ಮ ಸುಲಿಯುವುದು ಅಲ್ಲೇ. ನಾನು ಆಪರೇಷನ್ನಿಗೆ ಹೊರಟದ್ದೇ ಅದಕ್ಕಾಗಿ. ಗೆರೆ ಉದ್ದವಾದರೂ ಸೀರೆಯೊಳಗೆ ಇರುತ್ತದೆ. ಎಕ್ಸ್‌ಟೆಂಡೆಡ್ ಅಂತಲೇ ನಿರ್ಧಾರ ಮಾಡಿದೆ.

ಕಾಯುವ ಬೆಂಚಿನ ಮೇಲೆ ಗದಗದ ಕಡೆಯ ಒಬ್ಬ ರೈತರು ಪರಿಚಯವಾದರು. ತೂಕ ಇಳಿಸಲು ಜಠರಕ್ಕೆ ಮಾಡುವ ಬೊಜ್ಜಿನ ಆಪರೇಷನ್ ಆದಮೇಲೆ ಐವತ್ತು ಕೆಜಿಗೂ ಜಾಸ್ತಿ ಇಳಿದಿದ್ದರು. "ಅಕ್ಕಾರ, ಅಂಗಿ ಕಳದ್ರ ಮಗನ ಮುಂದ ನಿಂದ್ರಾಕೂ ನಾಚಿಕಿ ಆಗ್ತೈತ್ರಿ" ಅಂದರು. ಗಂಡಸರಿಗೂ ಈ ನೋವು ಇದೆ ಅನ್ನುವುದು ಯಾರ ಗಮನಕ್ಕೂ ಬರುವುದಿಲ್ಲ. ಅವರ ಚರ್ಮ ಮೇಲಿನಿಂದ ಕೆಳಗೆ ಮಾತ್ರವಲ್ಲ, ಅಡ್ಡಕ್ಕೂ ಸಡಿಲಾಗಿತ್ತು. ಕೆಳಗೆ ಎಳೆದರೆ ಸಾಲದು, ಪಕ್ಕದಿಂದ ನಡುವಿಗೂ ಎಳೆಯಬೇಕು. ಅದಕ್ಕೆ ಫ್ಲರ್-ಡಿ-ಲೀ ಎಂಬ ವಿಧಾನ. ಅಡ್ಡ ಗೆರೆಯ ಜೊತೆ ನಟ್ಟನಡುವೆ ಒಂದು ಉದ್ದ ಗೆರೆಯೂ ಬರುತ್ತದೆ. ಎರಡು ಗೆರೆ ಸೇರುವ ಜಾಗದಲ್ಲಿ ಗಾಯ ತಡವಾಗಿ ಮಾಯುತ್ತದೆ, ಕೆಲವೊಮ್ಮೆ ಬಿಚ್ಚಿಕೊಳ್ಳುತ್ತದೆ. ಅವರಿಗೆ ಗುಟ್ಕಾ ಚಟ ಇತ್ತು. ಬೀಡಿ, ಸಿಗರೇಟು, ಗುಟ್ಕಾ ಯಾವುದಾದರೂ ಸರಿ, ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸುತ್ತದೆ. ಕನಿಷ್ಠ ನಾಲ್ಕು ವಾರ ಪೂರ್ತಿ ಬಿಟ್ಟಮೇಲೆಯೇ ದಿನಾಂಕ ಕೊಡುತ್ತೇನೆ ಅಂತ ಡಾಕ್ಟರು ಹೇಳಿ ಕಳಿಸಿದರು. ತೂಕವೂ ಒಂದೇ ಮಟ್ಟದಲ್ಲಿ ನಿಂತಿರಬೇಕು. ಬೊಜ್ಜಿನ ಆಪರೇಷನ್ ಆದವರು ಸಾಮಾನ್ಯವಾಗಿ ವರ್ಷ, ಒಂದೂವರೆ ವರ್ಷ ಕಾಯಬೇಕು. ನನಗೂ ಆರು ತಿಂಗಳು ತೂಕ ಏರಿಳಿಯದೆ ನಿಂತಿದೆಯಾ ಅಂತ ಕೇಳಿದ್ದರು.

ಇನ್ನೆರಡು ವಿಧಾನ ಇವೆ. ಬೆನ್ನು, ಪೃಷ್ಠದ ಕಡೆಗೂ ಚರ್ಮ ಜೋತವರಿಗೆ ಸೊಂಟದ ಸುತ್ತ ಪೂರ್ತಿ ಕೊಯ್ದು ತೆಗೆಯುವ ಬೆಲ್ಟ್ ಲಿಪೆಕ್ಟಮಿ. ಆಪರೇಷನ್ ನಡುವೆ ರೋಗಿಯನ್ನು ಹೊರಳಿಸಬೇಕಾಗುತ್ತದೆ. ಹೊತ್ತು ಜಾಸ್ತಿ, ರಕ್ತ ಹೋಗುವುದೂ ಜಾಸ್ತಿ. ಇನ್ನೊಂದು ಪ್ಯಾನಿಕ್ಯುಲೆಕ್ಟಮಿ. ತೊಡೆಯ ಮೇಲೆ ಜೋಲುವ ಭಾರದ ಮಡಿಕೆಯನ್ನಷ್ಟೇ ತೆಗೆಯುತ್ತಾರೆ. ಸ್ನಾಯು ಬಿಗಿಮಾಡುವುದಿಲ್ಲ, ಆಕಾರಕ್ಕಾಗಿ ಮಾಡುವುದೂ ಅಲ್ಲ. ಹುಣ್ಣು, ಸೋಂಕು, ನಡೆಯಲು ತೊಂದರೆ ಇದ್ದವರಿಗೆ ಅದು.

ಹಣದ ಮಾತು. ಆರೋಗ್ಯ ವಿಮೆಯ ಪಾಲಿಸಿಯಲ್ಲಿ ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿ ಹೊರಗಿಟ್ಟಿರುತ್ತಾರೆ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದಮೇಲಿನ ಸರಿಪಡಿಕೆಗೆ ವಿನಾಯಿತಿ ಇದೆ. ಆರೋಗ್ಯಕ್ಕೆ ನೇರ ಅಪಾಯ ಇದೆ, ಚಿಕಿತ್ಸೆ ಅಗತ್ಯ ಅಂತ ಡಾಕ್ಟರು ಬರೆದುಕೊಟ್ಟ ಸಂದರ್ಭಕ್ಕೂ ಇದೆ. ನನ್ನ ಸ್ಕ್ಯಾನಿನಲ್ಲಿ ಹೊಕ್ಕುಳ ಬಳಿ ಸಣ್ಣ ಹರ್ನಿಯಾ ಕಂಡಿತ್ತು. ಆ ಕಾಗದ ಕಳಿಸಿ ಕೇಳಿದೆವು. ವಿಮೆಯವರು ಒಪ್ಪಲಿಲ್ಲ. ಅದರ ಮೇಲೆ ಚಂದಕ್ಕಾಗಿ ಮಾಡುವ ಸರ್ಜರಿಗೆ 18% ಜಿಎಸ್‌ಟಿ. ಹೇಳಿದ ರೇಟಿನಲ್ಲಿ ಅರವಳಿಕೆ ಡಾಕ್ಟರ ಫೀ, ರೂಮು, ಔಷಧಿ, ಆಮೇಲೆ ಹೊಟ್ಟೆಗೆ ಕಟ್ಟುವ ಬೆಲ್ಟು, ಜಿಎಸ್‌ಟಿ ಎಲ್ಲ ಸೇರಿದೆಯಾ ಅಂತ ಬರೆಸಿಕೊಳ್ಳಿ. ಬಾಯಿಮಾತಿನ ರೇಟು ನಂಬಬೇಡಿ.

ಸಮಯ ಆರಿಸುವುದೂ ಯೋಚಿಸುವ ಕೆಲಸವೇ. ಟೀಚರುಗಳಿಗೆ ಬೇಸಿಗೆ ರಜೆ ದೊಡ್ಡದು. ಆದರೆ ಎಪ್ರಿಲ್, ಮೇ ಬಿಸಿಲಲ್ಲಿ ಹಗಲು ರಾತ್ರಿ ಬಿಗಿ ಬೆಲ್ಟು ಹಾಕಿಕೊಂಡಿರುವುದು ಶಿಕ್ಷೆ. ದಸರಾ ರಜೆಗೆ ಮೆಡಿಕಲ್ ಲೀವ್ ಸೇರಿಸಿದೆ. ಇನ್ನೊಂದು ನೀರಿನ ಚಿಂತೆ. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ನೀರು ಬಿಟ್ಟ ದಿನ ಬ್ಯಾರಲ್ಲು, ಕೊಡ ಎಲ್ಲ ತುಂಬಿ ಎತ್ತಿಡುವುದು ನನ್ನ ಕೆಲಸವಾಗಿತ್ತು. ಸ್ನಾಯು ಹೊಲಿದಮೇಲೆ ಆರು ವಾರ ಭಾರ ಎತ್ತುವಂತಿಲ್ಲ. ಆ ಕೆಲಸ ಗಂಡ, ಮಗನ ಪಾಲಿಗೆ ಹೋಗಲಿ ಅಂತ ಮೊದಲೇ ಗಟ್ಟಿಯಾಗಿ ಹೇಳಿದೆ. ಜೋಳದ ರೊಟ್ಟಿ ಬಡಿಯುವುದಕ್ಕೂ ಹೊಟ್ಟೆಯ ಬಲ ಬೇಕು. ಅಷ್ಟು ದಿನ ಖಾನಾವಳಿ ರೊಟ್ಟಿಯೇ ಸಾಕು ಅಂತ ಅತ್ತೆಯೇ ಹೇಳಿದರು.

ಆಪರೇಷನ್ ದಿನ ಬೆಳಿಗ್ಗೆ ನನ್ನನ್ನು ನಿಲ್ಲಿಸಿ ಪೆನ್ನಿನಿಂದ ಗೆರೆ ಎಳೆದರು. ನಾನು ಸೀರೆ ಉಡುವಾಗ ಲಾಡಿ ಎಲ್ಲಿ ಕಟ್ಟುತ್ತೇನೆ ಅಂತ ತೋರಿಸಿದೆ. ಗೆರೆ ಅದಕ್ಕಿಂತ ಬಹಳ ಕೆಳಗೆ ಬರುವಂತೆ ಗುರುತು ಹಾಕಿದರು. ಪೂರ್ತಿ ಅರವಳಿಕೆ ಕೊಟ್ಟರು, ಹರ್ನಿಯಾವನ್ನೂ ಆಗಲೇ ಹೊಲಿದರು. ಎಚ್ಚರವಾದಾಗ ಕಾಲಿಗೆ ಗಾಳಿ ತುಂಬಿ ಒತ್ತುವ ಪಟ್ಟಿ ಕಟ್ಟಿದ್ದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಈ ಆಪರೇಷನ್ನಿನ ದೊಡ್ಡ ಅಪಾಯ. ಅದಕ್ಕೇ ಅದೇ ಸಂಜೆ ನರ್ಸ್ ಎಬ್ಬಿಸಿ, "ನಾಕ ಹೆಜ್ಜಿ ನಡೀರಿ ಅಕ್ಕಾರ" ಅಂತ ನಡೆಸಿದರು. ಸೊಂಟ ಬಾಗಿಸಿಯೇ ನಡೆಯಬೇಕು. ನೆಟ್ಟಗೆ ನಿಂತರೆ ಹೊಲಿಗೆ ಎಳೆಯುತ್ತದೆ. ನೋವು ಚರ್ಮದಲ್ಲಿ ಅಷ್ಟಿಲ್ಲ, ಸ್ನಾಯು ಹೊಲಿದಲ್ಲಿ ಇದೆ. ಕೆಮ್ಮು ಬಂದರೆ ದಿಂಬು ಹೊಟ್ಟೆಗೆ ಅವುಚಿ ಹಿಡಿಯುತ್ತಿದ್ದೆ.

ಒಳಗೆ ಕೂಡುವ ನೀರು ಹೊರಗೆ ಹರಿಯಲು ಎರಡೂ ಪಕ್ಕಕ್ಕೆ ಡ್ರೈನ್ ಕೊಳವೆ ಇತ್ತು. ಎಷ್ಟು ನೀರು ಬಂತು ಅಂತ ಮಗಳು ದಿನಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. 24 ಗಂಟೆಗೆ 30 ಎಂ.ಎಲ್.ಗಿಂತ ಕಡಿಮೆ ಆದಮೇಲೆ ತೆಗೆದರು. ಆದರೂ ಆಮೇಲೆ ಕೆಳಹೊಟ್ಟೆಯಲ್ಲಿ ನೀರು ಕೂಡಿತು. ಒತ್ತಿದರೆ ಅಲೆಯಾಡುತ್ತಿತ್ತು. ಇದಕ್ಕೆ ಸೆರೋಮಾ ಅಂತಾರೆ, ಈ ಆಪರೇಷನ್ನಿನಲ್ಲಿ ಆಗಾಗ ಕಾಣುವ ತೊಂದರೆ ಅಂತ ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಸೂಜಿಯಿಂದ ನೀರು ಎಳೆದರು. ಮತ್ತೆ ಕೂಡಿದಾಗ ಮತ್ತೆ ಎಳೆದರು. ಆಮೇಲೆ ನಿಂತಿತು. ಚಿಗರಿ ಬಸ್ಸಿನಲ್ಲಿ ನಿಂತು ಹೋಗಲು ಆಗದ ಸ್ಥಿತಿ, ಹುಬ್ಬಳ್ಳಿಗೆ ಪ್ರತಿ ಸಲ ಕಾರೇ ಬೇಕಾಯಿತು. ಊರಿಂದ ದೂರ, ಬೆಂಗಳೂರಿಗೋ ಪುಣೆಗೋ ಹೋಗಿ ಮಾಡಿಸುವವರು ಈ ಓಡಾಟ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಪರೇಷನ್ ಮುಗಿದ ಮೇಲಿನ ವಾರಗಳಲ್ಲೇ ಡಾಕ್ಟರು ಹತ್ತಿರ ಇರಬೇಕು.

ಮತ್ತೆ ಸೀರೆ ಉಡುವಂತಾಗಲು ತುಂಬಾ ದಿನ ಹಿಡಿಯಿತು. ಲಾಡಿ ಕಟ್ಟುವ ಬಟ್ಟೆ ಯಾವುದೂ ಆಗದು, ಚೂಡಿದಾರ ಸಹ. ನೈಟಿಯೇ ಗತಿ. ಸಂಜೆ ಹೊತ್ತಿಗೆ ಹೊಟ್ಟೆ ಊದುತ್ತಿತ್ತು. ತಿಂಗಳುಗಟ್ಟಲೆ ಹಾಗೇ ಇತ್ತು. ಶಾಲೆಗೆ ಮರಳಿದಾಗ ಎಚ್‌ಎಂ ಸರ್ ಕೂತೇ ಪಾಠ ಮಾಡಲು ಕುರ್ಚಿ ಹಾಕಿಸಿಕೊಟ್ಟರು.

ಈಗ ಒಂದು ಮಳೆಗಾಲ ದಾಟಿದೆ. ಮುಲಾಮಿನ ಟ್ಯೂಬು ತರಲಿಲ್ಲ, ಲಾಡಿಯ ಗಾಯ ಆಗಲಿಲ್ಲ. ಗೆರೆ ಇನ್ನೂ ಕಂದು ಬಣ್ಣದಲ್ಲಿದೆ. ಸಿಲಿಕಾನ್ ಜೆಲ್ ಹಚ್ಚುತ್ತಿದ್ದೇನೆ. ಕಲೆ ಪೂರ್ತಿ ತಣ್ಣಗಾಗಲು ವರ್ಷ, ಒಂದೂವರೆ ವರ್ಷ ಬೇಕು ಅಂದಿದ್ದಾರೆ. ಹೊಕ್ಕುಳ ಕೆಳಗೆ ಅಂಗೈಯಷ್ಟು ಜಾಗದಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ. ಸ್ವಲ್ಪ ಸ್ಪರ್ಶ ಮರಳಬಹುದು, ಪೂರ್ತಿ ಮರಳದೆಯೂ ಇರಬಹುದು. ಬಿಸಿ ನೀರಿನ ಚೀಲ ಅಲ್ಲಿ ಇಡಲೇಬಾರದು, ಸುಟ್ಟರೂ ತಿಳಿಯುವುದಿಲ್ಲ.

ಹಾವೇರಿಯಿಂದ ನನ್ನ ಚಿಕ್ಕಮ್ಮನ ಮಗಳು ಮೊನ್ನೆ ಫೋನ್ ಮಾಡಿ, "ಅಕ್ಕಾ, ನಾನೂ ಮಾಡಿಸ್ಲೇನು?" ಅಂದಳು. ಅವಳಿಗೆ ಇನ್ನೊಂದು ಮಗು ಬೇಕು. ಹಾಗಿದ್ದರೆ ಈಗ ಬೇಡ, ಮತ್ತೆ ಬಸುರಾದರೆ ಹೊಲಿದ ಸ್ನಾಯು, ಚರ್ಮ ಮತ್ತೆ ಹಿಗ್ಗುತ್ತವೆ ಅಂದೆ. ತಲೆ ಎತ್ತಿಸಿ ಬೆರಳಿಟ್ಟು ನೋಡುವ ಪರೀಕ್ಷೆಯನ್ನು ಮೊದಲು ಫಿಜಿಯೋಥೆರಪಿಯವರ ಹತ್ತಿರ ಮಾಡಿಸು ಅಂತ ಹೇಳಿದೆ. ಸ್ನಾಯು ಸ್ವಲ್ಪವೇ ಸರಿದಿದ್ದರೆ ವ್ಯಾಯಾಮದಿಂದ ಎಷ್ಟೋ ಸುಧಾರಿಸುತ್ತದೆ. ಹೋಗಿ ತೋರಿಸಿದ್ದಾಳಂತೆ, ವ್ಯಾಯಾಮ ಶುರು ಮಾಡಿದ್ದಾಳೆ.